ಹೆಂಗಸರ ಮೈಕ್ ಸೆಟ್ಟು

ಮೊನ್ನೆ ನಮ್ಮ ಬೀದಿಯ ಮಹಿಳಾ ಸಂಘದವರು ನನ್ನನ್ನು ಮಾತಾಡಲು ಕರೆದಿದ್ದರು. ವಿಷಯ ಏನೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ನನ್ನ ವಯಸ್ಸಿನವರನ್ನು ವಿಷಯಕ್ಕಾಗಿ ಯಾರೂ ಕರೆಯುವುದಿಲ್ಲ. ಶಾಲು ಹೊದಿಸಲು ಒಂದು ಹೆಗಲು ಬೇಕಲ್ಲ, ಅದಕ್ಕೆ ಕರೆಯುತ್ತಾರೆ. ಕೈಗೆ ಒಂದು ಮೈಕು ಕೊಟ್ಟರು. ವೈರಿಲ್ಲ, ಸ್ಟ್ಯಾಂಡಿಲ್ಲ, ಒಳ್ಳೆ ಲಟ್ಟಣಿಗೆಯ ಹಾಗಿತ್ತು. ನಾನು ಅದನ್ನು ಬೆರಳಿನಿಂದ ಟಕ್ ಟಕ್ ಎಂದು ತಟ್ಟಿ, ಎರಡು ಸಲ ಉಫ್ ಎಂದು ಊದಿ, ಬಿಸಿಯಾಗಲಿ ಅಂತ ಸುಮ್ಮನೆ ಕಾಯುತ್ತ ನಿಂತೆ. ಮುಂದಿನ ಸಾಲಿನ ಹುಡುಗಿಯರು ಮುಸಿಮುಸಿ ನಕ್ಕರು. ಅಜ್ಜಿಗೆ ಮಾತು ಮರೆತುಹೋಯಿತು ಎಂದುಕೊಂಡ ಅಧ್ಯಕ್ಷೆ, ಪಾಪ, ನೀರಿನ ಲೋಟ ತಂದು ಹಿಡಿದಳು.

ಮಾತು ಮರೆತಿರಲಿಲ್ಲ. ಈಗಿನ ಮೈಕಿಗೆ ಬಿಸಿಯಾಗುವ ಕಷ್ಟವಿಲ್ಲ ಅನ್ನುವುದು ಮರೆತಿತ್ತು, ಅಷ್ಟೆ. ಈ ತಟ್ಟುವ, ಊದುವ, ಕಾಯುವ ಚಟ ನನಗೆ ಅಂಟಿದ್ದು ಸಿರಾದಲ್ಲಿ, ಐವತ್ತರ ದಶಕ ಮುಗಿದು ಅರವತ್ತು ಶುರುವಾಗುತ್ತಿದ್ದ ಕಾಲದಲ್ಲಿ. ಆಗ ನಾನು ಮೈಕ್ ಸೆಟ್ಟಿನ ಕೆಲಸದಲ್ಲಿದ್ದೆ. ನನ್ನ ಕೆಲಸ ಮರ ಹತ್ತುವುದು. ನಗಬೇಡಿ, ಹೇಳುತ್ತೇನೆ.

ನಮ್ಮ ಮನೆಗೂ ಪಕ್ಕದ ಬಾಷಾ ಸಾಬರ ಮನೆಗೂ ನಡುವೆ ಇದ್ದದ್ದು ಎದೆಮಟ್ಟದ ಒಂದು ಮಣ್ಣುಗೋಡೆ. ಅದರ ಆಚೆ ಬೇವಿನಮರ, ಮರದ ಕೆಳಗೆ ಒಂದು ಹಗ್ಗದ ಮಂಚ, ಅವರ ಮಾತಿನಲ್ಲಿ ಚಾರ್ಪಾಯಿ, ಚಾರ್ಪಾಯಿ ಪಕ್ಕ ಊರಿಗೇ ದೊಡ್ಡದಾದ ಒಂದು ತುತ್ತೂರಿ. ಲೌಡ್ ಸ್ಪೀಕರಿನ ಹಾರ್ನಿಗೆ ನಮ್ಮ ಕಡೆ ತುತ್ತೂರಿ ಅಂತಲೇ ಹೆಸರು. ಸಣ್ಣವರಿದ್ದಾಗ ನಾವು ಅದರೊಳಗೆ ತಲೆ ತೂರಿಸಿ ಕೂಗುತ್ತಿದ್ದೆವು. ಕೂಗಿದ್ದು ಹೊರಗೆ ಹೋಗುತ್ತಿರಲಿಲ್ಲ, ನಮ್ಮ ಕಿವಿಗೇ ಬಂದು ಬಡಿಯುತ್ತಿತ್ತು. ಒಮ್ಮೆ ನನ್ನ ತಲೆ ಸಿಕ್ಕಿಕೊಂಡು, ಜೈನಾಬಿ ಖಾಲಾ ಒಳ್ಳೆಣ್ಣೆ ಸವರಿ ಈಚೆಗೆ ಎಳೆದಿದ್ದರು. ಜೈನಾಬಿ ಖಾಲಾ ಅಂದರೆ ಬಾಷಾ ಸಾಬರ ಹೆಂಡತಿ; ಖಾಲಾ ಅಂದರೆ ಅವರಲ್ಲಿ ಚಿಕ್ಕಮ್ಮ. ತೆಳ್ಳಗೆ, ಕೆಳದನಿಯ ಹೆಂಗಸು. ಹೊರಗೆ ಹೋದರೆ ಬುರ್ಖಾ, ಮನೆಯಲ್ಲಿ ಗಂಡಸರು ಬಂದರೆ ಪರದೆಯ ಹಿಂದೆ. ಆ ಪರದೆಯ ಹಿಂದೆಯೇ ಕೂತು ಅವರು ಗಂಡನಿಗೆ ಸ್ಕ್ರೂ ಎತ್ತಿಕೊಡುತ್ತ, ವೈರು ಸುತ್ತಿಕೊಡುತ್ತ, ಪೆಟ್ಟಿಗೆಯ ಒಳಗಿನ ಎಲ್ಲವನ್ನೂ ಕಲಿತುಬಿಟ್ಟಿದ್ದರು.

ಸೆಟ್ಟು ಅಂದರೆ ಏನೇನು ಗೊತ್ತೇ? ಬಲ್ಬಿನಂಥ ಗಾಜಿನ ವಾಲ್ವುಗಳಿರುವ ಒಂದು ಭಾರದ ಪೆಟ್ಟಿಗೆ, ಅವು ಬಿಸಿಯಾದ ಮೇಲೆಯೇ ದನಿ. ಅದಕ್ಕೆ ಲಾರಿ ಬ್ಯಾಟರಿ. ಕೀಲಿ ಕೊಟ್ಟು ತಿರುಗಿಸುವ ಗ್ರಾಮಫೋನು, ಕರೀ ತಟ್ಟೆಯಂಥ ರೆಕಾರ್ಡುಗಳು, ರೆಕಾರ್ಡಿನ ಮೇಲೆ ಇಡಲು ಡಬ್ಬಿ ತುಂಬ ಮುಳ್ಳು, ಒಂದು ಮೈಕು, ಆಮೇಲೆ ಆ ತುತ್ತೂರಿ. ಹಳ್ಳಿಯಲ್ಲಿ ಮದುವೆ ಅಂದರೆ ಇದನ್ನೆಲ್ಲ ಗಾಡಿಗೆ ಹೇರಿಕೊಂಡು ಬಾಷಾ ಸಾಬರು ಹೋಗಬೇಕು, ಎತ್ತರದ ಮರಕ್ಕೆ ತುತ್ತೂರಿ ಕಟ್ಟಬೇಕು, ಹಾಡು ಹಾಕಬೇಕು. ಮೈಕಿಲ್ಲದ ಮದುವೆಗೆ ಹೋಗಿ ಬಂದವರು, ಏನೋ ಸದ್ದಿಲ್ಲದ ಹಾಗೆ ಮಾಡಿ ಮುಗಿಸಿದರು ಎಂದು ಮೂಗು ಮುರಿಯುತ್ತಿದ್ದ ಕಾಲ ಅದು.

ಹೀಗಿರುವಾಗ ಮಧುಗಿರಿ ಕಡೆಯ ಒಂದು ಹಳ್ಳಿಯಲ್ಲಿ ಬಾಷಾ ಸಾಬರು ಹುಣಸೆಮರದಿಂದ ಬಿದ್ದರು. ಸೊಂಟ ಮುರಿಯಿತು. ಕಟ್ಟು ಹಾಕಿಸಿ, ಎಣ್ಣೆ ನೀವಿಸಿ ಏನೇ ಮಾಡಿದರೂ ಇನ್ನು ಮರ ಹತ್ತುವ ಹಾಗಿಲ್ಲ, ಭಾರ ಎತ್ತುವ ಹಾಗಿಲ್ಲ ಎಂದಾಯಿತು. ಚಾರ್ಪಾಯಿಯ ಮೇಲೆ ಗೋಡೆಗೆ ಮುಖ ಮಾಡಿ ಮಲಗಿದವರು ತಾವಾಗಿ ಮಾತಾಡುವುದನ್ನೇ ಬಿಟ್ಟರು. ಪೇಟೆಯಲ್ಲಿ ಇನ್ನೊಬ್ಬ ಮೈಕ್ ಸೆಟ್ಟಿನವನಿದ್ದ. ಅವನ ಹತ್ತಿರ ಎರಡು ಹಾರ್ನ್ ಇದ್ದದ್ದರಿಂದ ನಾವು ಅವನಿಗೆ ಜೋಡಿ ತುತ್ತೂರಿ ಎಂದು ಹೆಸರಿಟ್ಟಿದ್ದೆವು. ಅವನು ದಿನ ಬಿಟ್ಟು ದಿನ ಬಂದು ಬೇವಿನಮರದ ಕೆಳಗೆ ಕೂತು, ಸೆಟ್ಟು ನನಗೆ ಕೊಟ್ಟುಬಿಡಿ, ತುಕ್ಕು ಹಿಡಿದ ಮೇಲೆ ಗುಜರಿಯವನೂ ಮುಟ್ಟುವುದಿಲ್ಲ ಎಂದು ಹೇಳಿಹೋಗುತ್ತಿದ್ದ.

ಇಲ್ಲಿ ನಮ್ಮ ಗಂಗತ್ತೆಯ ವಿಷಯ ಹೇಳಬೇಕು. ಗಂಗಮ್ಮ ನನ್ನ ಸೋದರತ್ತೆ, ಅಪ್ಪನ ತಂಗಿ. ಮಕ್ಕಳಾಗಲಿಲ್ಲವೆಂದು ಅವಳ ಗಂಡ ಇನ್ನೊಂದು ಮದುವೆಗೆ ಹೊರಟಾಗ, ಅವಳು ಅಳಲಿಲ್ಲ, ಪಂಚಾಯ್ತಿಗೂ ಹೋಗಲಿಲ್ಲ. ಆ ಮದುವೆಯ ಚಪ್ಪರ ಹಾಕುವ ದಿನ ತನ್ನ ಟ್ರಂಕನ್ನು ತಾನೇ ಹೊತ್ತುಕೊಂಡು ಬಸ್ಸು ಹತ್ತಿ ಬಂದುಬಿಟ್ಟಳು. ಅಪ್ಪ ಕಡಲೆಕಾಯಿ ಮಂಡಿಯಲ್ಲಿ ತೂಕ ಹಾಕುವ ಕೆಲಸದಲ್ಲಿದ್ದ. ಮನೆಯಲ್ಲಿ ಇನ್ನೊಂದು ತಟ್ಟೆ ಇಡುವುದೇನೂ ಹಗುರದ ಮಾತಲ್ಲ. ಅದು ಅವಳಿಗೂ ಗೊತ್ತಿತ್ತು. ಅವರಿವರ ಕಡಲೆಕಾಯಿ ಸುಲಿದಳು, ಹುಣಸೆಹಣ್ಣಿನ ಬೀಜ ಬಿಡಿಸಿದಳು, ಯಾವುದರಲ್ಲೂ ಅವಳ ಮನಸ್ಸು ನಿಲ್ಲಲಿಲ್ಲ. ಅವಳದು ಗಂಟಲು. ನಮ್ಮ ಹಿತ್ತಲಲ್ಲಿ ನಿಂತು ಅವಳು ಕೋಳಿ ಕರೆದರೆ ಮೂರು ಬೀದಿಯ ಕೋಳಿ ಬರುತ್ತಿದ್ದವು.

ಒಂದು ಮಧ್ಯಾಹ್ನ ಗೋಡೆಯ ಆಚೆಯಿಂದ ಜೈನಾಬಿ ಖಾಲಾ ಕರೆದರು. ನಾನು ಅತ್ತೆಯ ತಲೆಯಲ್ಲಿ ಹೇನು ನೋಡುತ್ತಿದ್ದೆ.

"ಗಂಗಕ್ಕ, ಅವನು ಮತ್ತೆ ಬಂದಿದ್ದ. ಇವ್ರು ಆಯ್ತು ಕೊಟ್ಬುಡು ಅಂತಾವ್ರೆ."

"ನೀನೇನಂದೆ?"

"ನಾನೇನನ್ಲಿ? ಸೆಟ್ಟು ಹೋದ್ರೆ ಇವ್ರು ಆ ಗೋಡೆ ಕಡೆಯಿಂದ ಈಚೆಗೆ ತಿರುಗಲ್ಲ. ಅದು ಪೆಟ್ಟಿಗೆ ಅಲ್ಲ ಗಂಗಕ್ಕ, ಇವ್ರ ಜಾನ್, ಜೀವ."

ಅತ್ತೆ ನನ್ನ ಕೈಯಿಂದ ತಲೆ ಬಿಡಿಸಿಕೊಂಡು ಎದ್ದು ಗೋಡೆಯ ಹತ್ತಿರ ಹೋದಳು. ಅವಳು ಹಾಗೆ ಎದ್ದರೆ ಏನೋ ಆಗುತ್ತದೆ ಅಂತ ನಮಗೆಲ್ಲ ಗೊತ್ತಿತ್ತು.

"ಪೆಟ್ಟಿಗೆ ಓಡ್ಸೋಕೆ ನಿಂಗೆ ಬರ್ತೈತಾ?"

"ಬರ್ತೈತೆ. ಜನ್ರ ಮುಂದೆ ಕೂರೋಕೆ ಬರಲ್ಲ."

"ಮುಂದೆ ನಾನು ಕೂರ್ತೀನಿ. ನೀನು ಪರದೆ ಕಟ್ಕೊಂಡು ಹಿಂದೆ ಕೂತ್ಕೊ. ಹಾಡು ಕೇಳೋರು ತುತ್ತೂರಿ ನೋಡ್ತಾರೆ, ಹಾಡು ಹಾಕೋರ್ನ ಯಾಕೆ ನೋಡಬೇಕು?"

"ಮರ?" ಅಂದರು ಖಾಲಾ.

ಇಬ್ಬರೂ ನನ್ನ ಕಡೆ ನೋಡಿದರು. ನಾನು ಎಂಟನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಓದಿನಲ್ಲಿ ನನಗೆ ಹೇಳಿಕೊಳ್ಳುವ ಹೆಸರಿರಲಿಲ್ಲ. ಆದರೆ ಸಿರಾದ ಯಾವ ಮರದ ಯಾವ ಕೊಂಬೆ ಎಷ್ಟು ಭಾರ ತಡೆಯುತ್ತದೆ ಅಂತ ಕೇಳಿದ್ದರೆ ಫಸ್ಟ್ ಕ್ಲಾಸಿನಲ್ಲಿ ಪಾಸಾಗುತ್ತಿದ್ದೆ. ಅಮ್ಮ ಒಪ್ಪಲಿಲ್ಲ. "ಅವ್ರು ಗಂಡಸರೇ ಬಿದ್ದು ಮಲಗವ್ರೆ, ಇವ್ಳನ್ನ ಹತ್ತಿಸ್ತೀಯಾ?" ಎಂದು ಅತ್ತೆಯ ಮೇಲೆ ರೇಗಿದಳು. ಅತ್ತೆ ವಾದಕ್ಕೆ ಹೋಗಲಿಲ್ಲ. ನನ್ನ ಅಣ್ಣನ ಹಳೇ ಚಡ್ಡಿಯೊಂದನ್ನು ಹುಡುಕಿ ತಂದು ನನ್ನ ಲಂಗದೊಳಗೆ ಹಾಕಿಸಿ, ಅಮ್ಮನ ಎದುರಿಗೇ ಬೇವಿನಮರ ಹತ್ತಿಸಿ ಇಳಿಸಿದಳು. ಅಮ್ಮ ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ನಾನು ಕೆಳಗಿಳಿದು ಅವಳ ಮುಂದೆ ನಿಂತಾಗ ಕಣ್ಣು ಬಿಟ್ಟು, "ಹಗ್ಗ ಗಟ್ಟಿಯಾಗಿ ಹಿಡ್ಕೊ" ಅಂದಳು. ಅದೇ ಒಪ್ಪಿಗೆ.

ಖಾಲಾ ಪೆಟ್ಟಿಗೆಯನ್ನು ಗಂಡನ ಚಾರ್ಪಾಯಿ ಪಕ್ಕಕ್ಕೇ ತಂದು ಬಿಚ್ಚಿದರು. ಸಾಬರು ಗೋಡೆ ಕಡೆಯೇ ತಿರುಗಿದ್ದರು. ಖಾಲಾ ಒಂದು ವಾಲ್ವು ತೆಗೆದು ಒರೆಸಿ ಮತ್ತೆ ಕೂರಿಸಲು ಹೋದಾಗ, ಗೋಡೆಯ ಕಡೆಯಿಂದಲೇ ದನಿ ಬಂತು: "ಅದಲ್ಲ, ಪಕ್ಕದ್ದು." ತಿರುಗಿ ನೋಡದೆ, ಬರೀ ಸದ್ದಿನಲ್ಲೇ ಅವರು ಹೇಳಿದ್ದರು. ಬಿದ್ದ ಮೇಲೆ ಅವರು ತಾವಾಗಿ ಆಡಿದ ಮೊದಲ ಮಾತು ಅದು. ಸಂಜೆಯ ಹೊತ್ತಿಗೆ ಈ ಕಡೆ ಹೊರಳಿ, ತುತ್ತೂರಿಯನ್ನು ಹೇಗೆ ಕಟ್ಟಬೇಕು, ಗಾಳಿ ಯಾವ ಕಡೆಯಿಂದ ಬಂದರೆ ಯಾವ ಕಡೆಗೆ ಬಾಯಿ ಇಡಬೇಕು, ಕೆಂಜಿಗ ಇರುವ ಮರ ಯಾಕೆ ಬೇಡ ಎಂದೆಲ್ಲ ನನಗೆ ಪಾಠ ಶುರು ಮಾಡಿದರು. ಕೊನೆಗೆ, "ಬೇಟಿ, ಇಳಿಯೋವಾಗ ಊಟ ನೆನೆಸ್ಕೋಬೇಡ. ನಾನು ಹಂಗೇ ಬಿದ್ದಿದ್ದು" ಅಂದರು.

ಎಲ್ಲ ತಯಾರಾಯಿತು, ಆದರೆ ನಮ್ಮನ್ನು ಕರೆಯುವವರೇ ಇಲ್ಲ. ಅತ್ತೆ ಸಂತೆಗೆ ಹೋಗಿ, ಮದುವೆಯ ಜವಳಿ ಕೊಳ್ಳಲು ಬಂದವರ ಪಕ್ಕ ನಿಂತು ಕೇಳುವಳು. ಅವರು, "ಹೆಂಗಸ್ರು ಮೈಕ್ ಸೆಟ್ಟಾ? ಒಳ್ಳೆ ತಮಾಷೆ ಕಣಮ್ಮ" ಎಂದು ನಕ್ಕು ಹೋಗುವರು. ಒಬ್ಬರಂತೂ, ಹೆಂಗಸರ ಕೈಲಿ ಹಾಡು ಹಾಕಿಸಿದರೆ ಹಾಡು ಮೆತ್ತಗೆ ಬರುತ್ತದೆ ಎಂದು ವಿವರಿಸಿದರಂತೆ. ಅತ್ತೆ ಮನೆಗೆ ಬಂದು ಇದನ್ನೆಲ್ಲ ಅಭಿನಯಿಸಿ ತೋರಿಸುತ್ತಿದ್ದಳು. ನಾವು ನಗುತ್ತಿದ್ದೆವು. ಅವಳು ಮಾತ್ರ ಮಾರನೇ ಸಂತೆಗೆ ಮತ್ತೆ ಹೋಗುತ್ತಿದ್ದಳು.

ಕೊನೆಗೆ ತಾವರೆಕೆರೆ ಕಡೆಯಿಂದ ಒಬ್ಬ ರೈತ ಬೆವರು ಸುರಿಸಿಕೊಂಡು ಬಂದ. ಜೋಡಿ ತುತ್ತೂರಿ ಅವನಿಗೆ ಮಾತು ಕೊಟ್ಟು, ಇನ್ನೂ ದೊಡ್ಡ ಮದುವೆ ಸಿಕ್ಕಿತೆಂದು ಕೈ ಎತ್ತಿದ್ದ. ಬೆಳಗಾದರೆ ಧಾರೆ. "ಹೆಂಗಸ್ರಾದ್ರೂ ಸರಿ, ಯಾರಾದ್ರೂ ಸರಿ, ಸದ್ದು ಬರ್ಲಿ" ಅಂದ. ಅವನ ಗಾಡಿಯಲ್ಲೇ ಹೊರಟೆವು.  ಚಪ್ಪರದ ಮೂಲೆಯಲ್ಲಿ ಅತ್ತೆಯ ಎರಡು ಹಳೇ ಸೀರೆ ಕಟ್ಟಿ ಪರದೆ ಮಾಡಿದೆವು, ಖಾಲಾ ಒಳಗೆ ಕೂತರು. ನಾನು ಗೋಣಿಮರ ಹತ್ತಿದೆ. ಕೆಳಗೆ ಊರಿನ ಹುಡುಗರೆಲ್ಲ ಬಾಯಿ ತೆರೆದುಕೊಂಡು ನಿಂತಿದ್ದರು. ಒಬ್ಬ, "ಲೇ, ಹೆಣ್ಣು ಕಣ್ಲಾ" ಅಂದ. ಇನ್ನೊಬ್ಬ, "ಇರ್ಲಿ ಬುಡ್ಲಾ, ನಮ್ಗಿಂತ ಮೇಲ್ಕೋಯ್ತು" ಅಂದ. ನನಗೆ ಆವತ್ತಿನವರೆಗೆ ಸಿಕ್ಕ ಪ್ರಶಸ್ತಿಗಳಲ್ಲಿ ಅದೇ ದೊಡ್ಡದು.

ಎಲ್ಲ ಮೈಕಿನವರೂ ಹಲೋ ಹಲೋ ಎಂದು ಇಂಗ್ಲಿಷಿನಲ್ಲಿ ಎಣಿಸಿ ಪರೀಕ್ಷೆ ಮಾಡುತ್ತಿದ್ದರು. ಅತ್ತೆಗೆ ಅದು ಹಿಡಿಸಲಿಲ್ಲ. ಮೈಕನ್ನು ತಟ್ಟಿ, ಊದಿ, ಪೆಟ್ಟಿಗೆ ಬಿಸಿಯಾಗುವವರೆಗೆ ಕಾದು, ಅವಳು ಹೇಳಿದ್ದು ಇಷ್ಟು: "ಕೇಳಿಸ್ತೈತಾ? ಕೇಳಿಸ್ದೋರೂ ಊಟಕ್ಕೆ ಬನ್ನಿ, ಕೇಳಿಸ್ದೇ ಇರೋರೂ ಬನ್ನಿ." ಊರಿಗೆ ಊರೇ ನಕ್ಕಿತು. ಆ ನಗು ನಿಲ್ಲುವ ಮೊದಲೇ ಪರದೆಯ ಹಿಂದೆ ಖಾಲಾ ಮೊದಲ ರೆಕಾರ್ಡಿಗೆ ಮುಳ್ಳಿಟ್ಟರು. ಹಾಡು ಮೆತ್ತಗೇನೂ ಬರಲಿಲ್ಲ.

ಆಮೇಲೆ ಅಲ್ಲೊಂದು ಇಲ್ಲೊಂದು ಮದುವೆ ಸಿಕ್ಕವು. ಪಟ್ಟನಾಯಕನಹಳ್ಳಿ ಹತ್ತಿರ ಒಂದು ನಾಮಕರಣ, ಒಂದು ಗೃಹಪ್ರವೇಶ. ಬ್ಯಾಟರಿಯ ಆಸಿಡ್ ಚೆಲ್ಲಿ ನನ್ನ ಲಂಗಗಳೆಲ್ಲ ಜರಡಿಯಾದವು. ಬಸ್ಸಿನ ಕಂಡಕ್ಟರು ತುತ್ತೂರಿಗೂ ಟಿಕೆಟ್ ತಗೋ ಎಂದು ಜಗಳ ಆಡಿದ. ಅತ್ತೆ, "ಅದು ಕೂತ್ಕೊಳ್ಳಲ್ಲ ಕಣಪ್ಪ, ಮಲಗ್ತೈತೆ" ಎಂದು ಅವನ ಬಾಯಿ ಮುಚ್ಚಿಸಿದಳು. ನಾವು ಮೂವರೂ ಖುಷಿಯಾಗಿದ್ದೆವು. ಬಾಷಾ ಸಾಬರು ಎದ್ದು ಕೂತು ಮುಳ್ಳು ಚೂಪು ಮಾಡುವಷ್ಟಾಗಿದ್ದರು.

ಆಗ ಬಂದದ್ದು ಬಡವನಹಳ್ಳಿ ಕಡೆಯ ಮದುವೆ. ಹೆಣ್ಣಿನ ಮನೆಯವರು ಗಟ್ಟಿ ಕುಳ. ಗಂಡಿನ ಕಡೆಯವರು ಕೊರಟಗೆರೆ ಹತ್ತಿರದವರು, ಮೈಕು ಇರಲೇಬೇಕು ಎಂದು ಮೊದಲೇ ಹೇಳಿಸಿದ್ದರು. ಇಂಥ ಮದುವೆ ಚೆನ್ನಾಗಿ ನಡೆಸಿಕೊಟ್ಟರೆ ಇಡೀ ಸೀಮೆಗೆ ನಮ್ಮ ಹೆಸರು ಗೊತ್ತಾಗುತ್ತದೆ, ಕೆಟ್ಟರೂ ಅಷ್ಟೇ ಬೇಗ ಗೊತ್ತಾಗುತ್ತದೆ. ಬಡವನಹಳ್ಳಿಯಲ್ಲಿ ಬಸ್ಸಿಳಿದು ಅವರು ಕಳಿಸಿದ ಗಾಡಿಗೆ ಸಾಮಾನು ಹೇರಿದೆವು. ದಾರಿಯಲ್ಲಿ ಒಂದು ಒಣಹಳ್ಳ ಇಳಿಯುವಾಗ ಎತ್ತು ಬೆದರಿ, ಗಾಡಿ ಒಂದು ಮಗ್ಗುಲಿಗೆ ವಾಲಿತು. ಅತ್ತೆ ಬ್ಯಾಟರಿ ಹಿಡಿದುಕೊಂಡಳು, ಖಾಲಾ ಪೆಟ್ಟಿಗೆಯನ್ನು ಅಪ್ಪಿಕೊಂಡರು, ನಾನು ತುತ್ತೂರಿ ತಬ್ಬಿಕೊಂಡೆ. ರೆಕಾರ್ಡಿನ ಪೆಟ್ಟಿಗೆ ಹಿಡಿಯಲು ನಾಲ್ಕನೆಯವರು ಇರಲಿಲ್ಲ. ಅದು ಬಂಡೆಯ ಮೇಲೆ ಬಿತ್ತು. ಆ ಸದ್ದನ್ನು ನಾನು ಇವತ್ತಿಗೂ ಮರೆತಿಲ್ಲ, ಹೆಂಚಿನ ಮನೆ ಕುಸಿದ ಹಾಗೆ.

ಖಾಲಾ ಹಳ್ಳದ ಮರಳಿನಲ್ಲಿ ಕೂತು ಒಂದೊಂದೇ ಚೂರು ಎತ್ತಿ ನೋಡಿದರು. ಒಂದೇ ಒಂದು ರೆಕಾರ್ಡು ಇಡಿಯಾಗಿ ಉಳಿದಿತ್ತು. ಯಾವುದೋ ನಾಟಕದ ಶೋಕದ ಹಾಡು, ಮಗನನ್ನು ಕಳಕೊಂಡ ತಾಯಿ ಅಳುವುದು. ಅದನ್ನು ಹಾಕಿದರೆ ತುತ್ತೂರಿ ಕಟ್ಟುವ ಮರಕ್ಕೇ ನಮ್ಮನ್ನೂ ಕಟ್ಟುತ್ತಿದ್ದರು.

"ವಾಪಸ್ ಹೋಗೋಣ ಗಂಗಕ್ಕ" ಅಂದರು ಖಾಲಾ.  "ಇನ್ನು ಕೊಟ್ಬುಡೋದೇ. ಇವ್ರಿಗೆ ನಾನು ಹೇಳ್ತೀನಿ."

"ಹೋಗೋಣ" ಅಂದಳು ಅತ್ತೆ. "ಆದ್ರೆ ಮದ್ವೆ ಮನೆಗೆ ಹೋಗಿ, ಹಿಂಗಾಯ್ತು ಅಂತ ಹೇಳಿ ಹೋಗೋಣ. ದಾರೀಲಿ ತಿರುಕ್ಕೊಂಡ್ರೆ ಕದ್ದು ಓಡಿದ್ರು ಅಂತಾರೆ."

ಮದುವೆ ಮನೆಯ ಯಜಮಾನರು ಚಪ್ಪರದ ಬಾಗಿಲಲ್ಲೇ ಸಿಕ್ಕರು. ದೊಡ್ಡ ಮೀಸೆ, ದೊಡ್ಡ ರುಮಾಲು. ಅತ್ತೆ ಆದದ್ದನ್ನು ಹೇಳಿದಳು. ಅವರು ಕೂಗಾಡಲಿಲ್ಲ, ಅದೇ ಕಷ್ಟವಾಯಿತು. ಚಪ್ಪರದ ಕಂಬ ಹಿಡಿದು ನಿಂತು, "ಬೀಗರು ಆಗ್ಲೇ ಊರ ಮುಂದಿನ ತೋಪಿಗೆ ಬಂದವ್ರೆ ತಾಯಿ. ಮೈಕಿಲ್ಲ ಅಂದ್ರೆ ಅಲ್ಲೇ ಕೂತ್ಕೊಂಡು ಕ್ಯಾತೆ ತೆಗೀತಾರೆ. ಈಗ ನಾನೇನು ಮಾಡ್ಲಿ?" ಎಂದು ಕೇಳಿದರು. ಬೈದಿದ್ದರೆ ಅತ್ತೆ ಎದುರು ಆಡುತ್ತಿದ್ದಳು. 

ಅಷ್ಟರಲ್ಲಿ ಒಳಗಿನ ಅಂಗಳದಿಂದ ಒನಕೆಯ ಸದ್ದು, ಅದರ ಜೊತೆಗೇ ಹಾಡು ಬಂತು. ಹೆಂಗಸರು ಅರಿಶಿನ ಕುಟ್ಟುತ್ತ ಸೋಬಾನೆ ಹೇಳುತ್ತಿದ್ದರು. ಒಬ್ಬಳು ಹೇಳುವುದು, ಉಳಿದವರು ಎತ್ತಿಕೊಳ್ಳುವುದು. ನಾವೆಲ್ಲ ಹುಟ್ಟಿದಾಗಿನಿಂದ ಕೇಳುತ್ತ ಬಂದದ್ದೇ. ಅತ್ತೆ ಕತ್ತು ಆ ಕಡೆ ತಿರುಗಿಸಿದಳು.

"ಅಣ್ಣ, ಅಲ್ಲಿ ಹೇಳಿಕೊಡ್ತಾ ಇರೋರು ಯಾರು?"

"ಅದು ನಮ್ಮ ಈರಜ್ಜಿ. ಯಾಕೆ?"

"ಬೀಗ್ರಿಗೆ ಒಂದಿಷ್ಟು ಹೊತ್ತು ಬೆಲ್ಲದ ಪಾನಕ ಕೊಟ್ಟು ಕೂರ್ಸಿ" ಎಂದವಳೇ ಅತ್ತೆ ಒಳಗೆ ನುಗ್ಗಿದಳು. ಹಿಂದೆಯೇ ನಾವು.

ಮೈಕಿನ ವೈರು ಅಂಗಳದವರೆಗೆ ಬರಲಿಲ್ಲ. ಪೆಟ್ಟಿಗೆಯನ್ನೇ ಒಳಗೆ ತಂದೆವು. ಅಲ್ಲಿ ಹೆಂಗಸರು ಬಿಟ್ಟರೆ ಯಾರೂ ಇರಲಿಲ್ಲ, ಖಾಲಾ ಬುರ್ಖಾ ಮೇಲೆತ್ತಿ ಆರಾಮಾಗಿ ಕೂತು ಕೆಲಸಕ್ಕೆ ಇಳಿದರು. ನಾನು ಹಿತ್ತಲ ಅರಳಿಮರ ಹತ್ತಿದೆ. ಈರಜ್ಜಿ ಬೊಚ್ಚುಬಾಯಿಯ ಮುದುಕಿ, ಕಿವಿಯ ತೂತು ಹೆಗಲವರೆಗೆ ಇಳಿದಿತ್ತು. ಮೈಕು ಕಂಡು ಹಿಂದೆ ಸರಿದಳು.

"ಇದು ಕಚ್ಚಲ್ವೇನೇ?"

"ಕಚ್ಚಲ್ಲ ಅಜ್ಜಿ, ಹೇಳಿದ್ದನ್ನ ಹೇಳ್ತೈತೆ ಅಷ್ಟೆ."

ಮೊದಲು ತುತ್ತೂರಿ ಕಿರ್ರೆಂದು ಕಿರುಚಿತು. ಖಾಲಾ ಕೆಳಗಿನಿಂದ ಕೈ ತಿರುಗಿಸಿ ತೋರಿಸಿದರು, ನಾನು ಅದರ ಬಾಯನ್ನು ತೋಪಿನ ಕಡೆಗೆ ತಿರುಗಿಸಿದೆ. ಈರಜ್ಜಿ ಒಂದು ಸಾಲು ಹೇಳಿದಳು. ಆಕಾಶದಿಂದ ಅದೇ ಸಾಲು ಬಂತು. ಅವಳು ಹಾಡು ನಿಲ್ಲಿಸಿ ತಲೆ ಎತ್ತಿ ನೋಡಿದಳು.

"ಯಾರೇ ಅದು, ನನ್ನಂಗೇ ಹಾಡ್ತಾಳೆ?"

ಅದೂ ಮೈಕಿನಲ್ಲೇ ಹೋಯಿತು. ಅಂಗಳದ ಹೆಂಗಸರು ಬಿದ್ದು ಬಿದ್ದು ನಕ್ಕರು, ಆ ನಗುವೂ ಹೋಯಿತು. ಆಮೇಲೆ ಈರಜ್ಜಿಗೆ ಹುರುಪು ಬಂತು ನೋಡಿ. ಹೆಣ್ಣಿನ ಹುಟ್ಟು ಹೇಳಿದಳು, ತವರು ಹೇಳಿದಳು, ಎದುರುಗೊಳ್ಳುವ ಹಾಡು ಹೇಳಿದಳು. ನಾನು ಮರದ ಮೇಲೆ ಕೂತಿದ್ದೆನಲ್ಲ, ನನಗೆ ಎಲ್ಲ ಕಾಣುತ್ತಿತ್ತು. ಹೊಲದಲ್ಲಿ ಇದ್ದವರು ಬಗ್ಗಿದ ಬೆನ್ನು ಎತ್ತಿ ನಿಂತರು. ಪಕ್ಕದ ಹಳ್ಳಿಯ ದಾರಿಯಲ್ಲಿ ಹೋಗುತ್ತಿದ್ದ ಗಾಡಿ ನಿಂತಿತು. ತೋಪಿನಲ್ಲಿ ಬೀಗರು ಪಾನಕದ ಲೋಟ ಹಿಡಿದವರು ಹಾಗೇ ಹಿಡಿದಿದ್ದರು. ಹೆಂಗಸರ ಹಾಡು ಅಂದರೆ ಒಲೆಯ ಹತ್ತಿರ, ಒರಳಿನ ಹತ್ತಿರ, ತೊಟ್ಟಿಲ ಹತ್ತಿರ ಹುಟ್ಟಿ ಅಲ್ಲೇ ಮುಗಿಯುವುದು. ಅದು ಮರದ ತುದಿಯಿಂದ ಹೊರಟು ಹೊಲ ದಾಟಿ ಹೋಗುವುದನ್ನು ಆವತ್ತಿನವರೆಗೆ ಯಾರೂ ಕೇಳಿರಲಿಲ್ಲ. ಕೇಳುತ್ತ ನಾನಂತೂ ಕೊಂಬೆ ಬಿಡುವುದೊಂದು ಬಾಕಿ.

ಅಷ್ಟಕ್ಕೇ ನಿಂತಿದ್ದರೆ ಸರಿ. ಈರಜ್ಜಿ ಬೀಗರನ್ನು ಹಾಸ್ಯ ಮಾಡುವ ಹಾಡಿಗೆ ಕೈ ಹಾಕಿದಳು. ಬೀಗಿತ್ತಿ ಕೂತರೆ ಗಾಡಿಯ ಅಚ್ಚು ಮುರಿಯಿತೆಂದಳು, ಬೀಗರ ಮೀಸೆಗೆ ಸುಣ್ಣ ಹತ್ತಿದೆಯೆಂದಳು. ತೋಪಿನಲ್ಲಿ ಗದ್ದಲವೆದ್ದಿತು. ಕೆಟ್ಟಿತು ಕೆಲಸ, ಜಗಳ ಬಂತು ಎಂದುಕೊಂಡೆ. ಗಂಡಿನ ಕಡೆಯ ಹೆಂಗಸರು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಗಂಡಸರನ್ನು ಹಿಂದೆ ಬಿಟ್ಟು, ಸರಸರನೆ ಮದುವೆ ಮನೆಗೆ ನಡೆದು ಬಂದರು. ಮುಂದೆ ಬಂದವಳು ಸ್ವತಃ ಬೀಗಿತ್ತಿ. ಅಂಗಳದ ಬಾಗಿಲಲ್ಲಿ ನಿಂತು ಕೇಳಿದಳು:

"ಯಾರಮ್ಮ ಅದು ಹಾಡಿದ್ದು? ಎಲ್ಲೈತೆ ಮೈಕು? ಕೊಡಿಲ್ಲಿ, ನಮ್ಗೂ ಬಾಯಿ ಐತೆ."

ಅತ್ತೆ ಸರಕ್ಕನೆ ಮೈಕು ಕೊಟ್ಟಳು. ಆ ಬೀಗಿತ್ತಿ ಹಾಡಿದ ಹಾಡಿಗೆ ಯಜಮಾನರ ದೊಡ್ಡ ಮೀಸೆ, ದೊಡ್ಡ ರುಮಾಲು ಯಾವುದೂ ಉಳಿಯಲಿಲ್ಲ. ಅವರು ಚಪ್ಪರದಲ್ಲಿ ನಿಂತು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಈ ಕಡೆಯಿಂದ ಒಂದು, ಆ ಕಡೆಯಿಂದ ಒಂದು, ಮೈಕು ಕೈಯಿಂದ ಕೈಗೆ ಹೋಗುತ್ತಿತ್ತು. ಸುತ್ತಲಿನ ಊರುಗಳಿಂದ ಕರೆಯದ ಜನ ಬಂದು ಗೋಡೆಯ ಮೇಲೆ ಕೂತರು. ಇಳಿಹೊತ್ತಿಗೆ ಬ್ಯಾಟರಿ ಸೊರಗಿ ದನಿ ಸಣ್ಣಗಾದಾಗ, ಗಂಡಿನ ಕಡೆಯವರು ತಮ್ಮ ಸರದಿಗೇ ಮೈಕು ಕೆಡಿಸಿದರೆಂದು ಖಾಲಾರ ಮೇಲೆ ಮುನಿಸಿಕೊಂಡರು. ಈರಜ್ಜಿ ಬೀಗಿತ್ತಿಯ ಕೈ ಹಿಡಿದು ಪಕ್ಕಕ್ಕೆ ಕೂರಿಸಿಕೊಂಡು, "ಅದು ಸುಸ್ತಾಯ್ತು, ನಾವಾಗ್ಲಿಲ್ಲ. ನೀನು ಬರೀ ಬಾಯಲ್ಲಿ ಹೇಳು ಮಗಳೇ, ನಾನು ಕೇಳ್ತೀನಿ" ಅಂದಳು.

ಆ ಮದುವೆಯಾದ ಮೇಲೆ ಅತ್ತೆ ಸಂತೆಗೆ ಹೋಗಿ ನಿಲ್ಲಬೇಕಾಗಲಿಲ್ಲ. ಜನ ನಮ್ಮ ಮಣ್ಣುಗೋಡೆಯ ಹತ್ತಿರ ಬಂದು, "ಹೆಂಗಸ್ರ ಮೈಕ್ ಸೆಟ್ಟು ಇದೇನಾ?" ಎಂದು ಕೇಳುತ್ತಿದ್ದರು. ಈರಜ್ಜಿ ಬೇಕೆಂದು ಕೆಲವರು ಕೇಳಿದರು; ಅವಳನ್ನೂ ಗಾಡಿ ಹತ್ತಿಸಿದೆವು, ನಮ್ಮ ಸಂಪಾದನೆಯಲ್ಲಿ ಅವಳಿಗೂ ಪಾಲು. ಅವಳು ಬರಲಾಗದ ಕಡೆ ಆಯಾ ಊರಿನಲ್ಲೇ ಅತ್ತೆ ಹಾಡುವವರನ್ನು ಹುಡುಕುತ್ತಿದ್ದಳು. ಪ್ರತಿ ಊರಿನಲ್ಲೂ ಒಬ್ಬಳು ಈರಜ್ಜಿ ಇದ್ದೇ ಇರುತ್ತಿದ್ದಳು, ಒಲೆಯ ಮುಂದೆ, ಯಾರೂ ಕೇಳದೆ. ಹೊಸ ರೆಕಾರ್ಡುಗಳೂ ಬಂದವು, ಪೆಟ್ಟಿಗೆಗೆ ಹತ್ತಿಯ ಮೆತ್ತೆಯೂ ಬಂತು. ಜೋಡಿ ತುತ್ತೂರಿ ಒಮ್ಮೆ ದಾರಿಯಲ್ಲಿ ಸಿಕ್ಕಿ, "ಏನಮ್ಮ ಗಂಗಮ್ಮ, ನನ್ನ ಸೆಟ್ಟು ನೀವೇ ತಗೊಳ್ಳಿ" ಎಂದು ಕುಹಕವಾಡಿದ. ಅತ್ತೆ, "ತುಕ್ಕು ಹಿಡಿದೈತಾ ನೋಡಿ ಹೇಳ್ತೀನಿ" ಅಂದಳು.

ಪಾವಗಡಕ್ಕೆ ಹೋದ ಕತೆ ಒಂದು ಹೇಳಿ ಮುಗಿಸುತ್ತೇನೆ. ಬೆಟ್ಟದ ಮಗ್ಗುಲಲ್ಲೇ ಮದುವೆ ಮನೆ. ಅಲ್ಲಿನವರ ಮಾತು ಅರ್ಧ ಕನ್ನಡ, ಅರ್ಧ ತೆಲುಗು. ಅತ್ತೆಗೆ ಬರುವ ತೆಲುಗು ಅಂದರೆ ರಂಡಿ, ಕೂರ್ಚೊಂಡಿ, ಅಂದರೆ ಬನ್ನಿ, ಕೂತುಕೊಳ್ಳಿ, ಅಷ್ಟೆ. ಅದನ್ನೇ ಬಾಯ್ತುಂಬ ಹೇಳಿ ಎಲ್ಲರನ್ನೂ ಕೂರಿಸಿದಳು. ಧಾರೆಯಾದ ಮೇಲೆ ಮದುಮಗಳು ಗಂಡನ ಹೆಸರು ಹೇಳುವ ಶಾಸ್ತ್ರ ಇರುತ್ತದಲ್ಲ, ಎಲ್ಲರೂ ಸುತ್ತ ನಿಂತು ಹೇಳು ಹೇಳು, ಚೆಪ್ಪು ಚೆಪ್ಪು ಎಂದು ಕಾಡಿಸುತ್ತಿದ್ದರು. ಹುಡುಗಿ ತಲೆ ತಗ್ಗಿಸಿ ಕೂತಿದ್ದಳು. ಅತ್ತೆ ಮೈಕನ್ನು ಅವಳ ಮುಂದೆ ಹಿಡಿದು, "ಚೆಪ್ಪಮ್ಮ" ಅಂದಳು. ಹುಡುಗಿ ಮೈಕನ್ನೇ ಸ್ವಲ್ಪ ಹೊತ್ತು ನೋಡಿದಳು. ಆಮೇಲೆ ಸ್ಪಷ್ಟವಾಗಿ ಹೇಳಿದಳು: "ಓಬಳಮ್ಮ."

ಅದು ಅವಳ ಹೆಸರು. ತುತ್ತೂರಿ ಹೇಳಿತು, ಓಬಳಮ್ಮ. ಎದುರಿನ ಬೆಟ್ಟದ ಬಂಡೆ ಸಾವಕಾಶವಾಗಿ ಹೇಳಿತು, ಓಬಳಮ್ಮ. ಹುಡುಗಿ ತಲೆ ಎತ್ತಿ ಬೆಟ್ಟ ನೋಡಿದಳು, ಅವಳ ಮುಖದಲ್ಲಿ ನಗು ಹಬ್ಬಿತು. ಗಂಡನೂ ನಕ್ಕ. ಅವಳ ತಂಗಿ ಓಡಿ ಬಂದು, "ನಂದೂ" ಅಂದಳು. ಆಮೇಲೆ ಸಾಲು ಹತ್ತಿತು. ಅಕ್ಕಂದಿರು, ಅತ್ತಿಗೆಯರು, ಸೊಸೆಯರು, ಪಾತ್ರೆ ತೊಳೆಯಲು ಬಂದವರು, ಒಬ್ಬೊಬ್ಬರಾಗಿ ಬಂದು ತಮ್ಮ ಹೆಸರು ಹೇಳುವುದು, ಬೆಟ್ಟ ಅದನ್ನು ಹಿಂದಿರುಗಿಸುವವರೆಗೆ ಕಾದು ನಿಲ್ಲುವುದು. ಒಬ್ಬಳು ಮುದುಕಿ ಮೈಕಿನ ಮುಂದೆ ಬಂದು ತಡವರಿಸಿ, ಹಿಂದೆ ತಿರುಗಿ ತನ್ನ ಅಕ್ಕನನ್ನು ಕೇಳಿದಳು: "ನನ್ನ ಹೆಸ್ರು ಏನೇ, ಎಲ್ರೂ ಅವ್ವ ಅಂತಲೇ ಕರೀತಾರೆ." ಅಕ್ಕ ಹೇಳಿಕೊಟ್ಟಳು, ಮುದುಕಿ ಅದನ್ನು ಹೊಸ ಹೆಸರಿನ ಹಾಗೆ ಹೇಳಿದಳು. ಪರದೆಯ ಹಿಂದೆ ಖಾಲಾ ನಕ್ಕು ನಕ್ಕು ಸುಸ್ತಾಗಿದ್ದರು. ಎಲ್ಲರದೂ ಮುಗಿದ ಮೇಲೆ ಪರದೆಯ ಸಂದಿಯಿಂದ ಅವರ ಕೈ ಈಚೆಗೆ ಬಂತು, ಬಳೆ ತುಂಬಿದ ಕೈ. ಅತ್ತೆ ಅದರಲ್ಲಿ ಮೈಕಿಟ್ಟಳು.

"ಜೈನಾಬಿ" ಎಂದಿತು ಬೆಟ್ಟ.

ಮನೆಗೆ ಬಂದಾಗ ಬಾಷಾ ಸಾಬರು ವಾಡಿಕೆಯಂತೆ ಕೇಳಿದರು, ಯಾವ ಯಾವ ರೆಕಾರ್ಡು ಹಾಕಿದಿರಿ ಅಂತ. ಖಾಲಾ, ಧಾರೆಯಾದ ಮೇಲೆ ಒಂದೂ ಇಲ್ಲ ಎಂದು ನಡೆದದ್ದನ್ನು ಹೇಳಿದರು.  ಮಾರನೇ ಬೆಳಿಗ್ಗೆ ನೋಡಿದರೆ ಸಾಬರು ತುತ್ತೂರಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದರ ಮೇಲೆ ಬರೆದಿದ್ದ 'ಬಾಷಾ ಮೈಕ್ ಸೆಟ್' ಎಂಬುದನ್ನು ಬ್ಲೇಡಿನಿಂದ ಕೆರೆಯುತ್ತಿದ್ದರು. ಖಾಲಾ ಓಡಿ ಬಂದು ಕೈ ಹಿಡಿದುಕೊಂಡರು.

"ನಿಮ್ಮ ಹೆಸ್ರು ಯಾಕೆ ಅಳಿಸ್ತೀರಿ?"

"ಊರೆಲ್ಲ ಹೆಂಗಸ್ರ ಮೈಕ್ ಸೆಟ್ಟು ಅಂತಾವ್ರೆ. ಮೇಲೆ ನನ್ನ ಹೆಸ್ರು ಇಟ್ಕೊಂಡು ನಾನು ಹೆಂಗಸಾಗ್ಲಾ?" ಅಂದರು ಸಾಬರು, ಕೆರೆಯುವುದು ನಿಲ್ಲಿಸದೆ.

ಪೇಂಟರನ್ನು ಅವರೇ ಕರೆಸಿದರು. ಕೆಂಪು ಬಣ್ಣದಲ್ಲಿ 'ಜೈನಾಬಿ ಗಂಗಮ್ಮ ಮೈಕ್ ಸೆಟ್, ಸಿರಾ' ಎಂದು ಸುತ್ತಲೂ ಬರೆಸಿದರು. ಅತ್ತೆ ದೂರ ನಿಂತು ಓದಿದಳು, ಹತ್ತಿರ ಬಂದು ಓದಿದಳು, ಕೊನೆಗೆ ಮೂರು ಬೀದಿಗೆ ಕೇಳುವ ಹಾಗೆ ಗಟ್ಟಿಯಾಗಿ ಓದಿದಳು. ಆಮೇಲೆ ಪೇಂಟರು ಡಬ್ಬಿ ಮುಚ್ಚುವಾಗ ಸಾಬರು, "ತಡೀರಿ, ಮರ ಹತ್ತೋಳು ಒಬ್ಳು ಅವ್ಳೆ" ಅಂದರು. ಹೊರಗೆ ಜಾಗವಿರಲಿಲ್ಲ. ಪೇಂಟರು ತುತ್ತೂರಿಯನ್ನು ತಿರುಗಿಸಿ, ಸಣ್ಣವಳಿದ್ದಾಗ ನನ್ನ ತಲೆ ಸಿಕ್ಕಿಕೊಂಡಿದ್ದ ಆ ಬಾಯಿಯ ಒಳಗೆ ಕೈ ಹಾಕಿ, ಸಣ್ಣ ಅಕ್ಷರದಲ್ಲಿ 'ಜಯ' ಎಂದು ಬರೆದರು. ಕೆಳಗೆ ನಿಂತವರಿಗೆ ಅದು ಕಾಣುತ್ತಿರಲಿಲ್ಲ, ಮರದ ಮೇಲಿದ್ದ ನನಗೆ ಮಾತ್ರ ಕಾಣುತ್ತಿತ್ತು. ಅಂದಿನಿಂದ ಯಾವ ಊರಿನ ಯಾವ ಹೆಂಗಸು ಹಾಡಲಿ, ಆ ಹಾಡು ನನ್ನ ಹೆಸರನ್ನು ದಾಟಿಯೇ ಹೊರಗೆ ಹೋಗಬೇಕಾಗಿತ್ತು.